ಸತ್ತ ಮೇಲೂ ಬದುಕಿದ್ದ ಕಲಮು

ಅಂದು ಭಾನುವಾರ, 2012ನೆಯ ಇಸವಿ ನವೆಂಬರ್ 18. ಮುಂಬಯಿ ಮಹಾನಗರದ ಬೀದಿಗಳು ಬಿಕೋ ಎನ್ನುತ್ತಿದ್ದವು. ಹಿಂದಿನ ದಿನ ಶಿವಸೇನೆಯ ನಾಯಕ ಬಾಳ ಠಾಕರೆಯವರು ಕಾಲವಾಗಿದ್ದರು. ಅಂಗಡಿ ಮುಂಗಟ್ಟುಗಳ ಬಾಗಿಲು ಮುಚ್ಚಿತ್ತು; ಟ್ಯಾಕ್ಸಿಗಳೂ ರಿಕ್ಷಾಗಳೂ ಮಾಯವಾಗಿದ್ದವು; ಶಿವಾಜಿ ಪಾರ್ಕಿನ ಕಡೆಗೆ ಮಾತ್ರ ಜನಸಾಗರ ಹರಿಯುತ್ತಿತ್ತು.

ಮುಂಬಯಿಗೆ ಉತ್ತರದಲ್ಲಿ, ಅಂದು ಠಾಣೆ ಜಿಲ್ಲೆಗೆ ಸೇರಿದ್ದ ಪಾಲ್ಘರ್ ಎಂಬ ಊರಿನ ತರುಣಿಯೊಬ್ಬಳಿಗೆ ಈ ಬಂದ್‌ನ ವಿಷಯವಾಗಿ ಒಂದು ಯೋಚನೆ ಬಂತು. ಲೋಕದಲ್ಲಿ ದಿನವೂ ಜನರು ಹುಟ್ಟುತ್ತಾರೆ, ಸಾಯುತ್ತಾರೆ. ಅದಕ್ಕಾಗಿ ನಗರವೆಲ್ಲ ಬಾಗಿಲು ಮುಚ್ಚಬೇಕೆ? ಗೌರವ ಮನಸ್ಸಿನಿಂದ ಬರಬೇಕಲ್ಲದೆ ಹೆದರಿಕೆಯಿಂದ ಬರಬಾರದು—ಇಷ್ಟೇ ಆಕೆಯ ಮಾತಿನ ಸಾರ. ಹಿಂದಿನ ಕಾಲವಾಗಿದ್ದರೆ ಅದನ್ನು ಊಟದ ಮನೆಯಲ್ಲಿ ಆಡಿ ಆಕೆ ಸುಮ್ಮನಾಗುತ್ತಿದ್ದಳು. ಆದರೆ ಇದು ಬೇರೆ ಕಾಲ. ಆ ಮಾತುಗಳನ್ನು ಆಕೆ ಫೇಸ್‌ಬುಕ್ ಎಂಬ ಅಂತರಜಾಲದ ಪುಟದಲ್ಲಿ ಬರೆದಳು. ಆಕೆಯ ಗೆಳತಿಯೊಬ್ಬಳು ಅದನ್ನು ಓದಿ ಮೆಚ್ಚುಗೆಯ ಗುಂಡಿಯನ್ನೊತ್ತಿದಳು.

ಗುಂಪು ಸೇರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬರೆದವಳು ಬರೆದುದನ್ನು ಅಳಿಸಿದಳು, ಕ್ಷಮೆಯನ್ನೂ ಬೇಡಿದಳು. ಆದರೂ ಆಕೆಯ ಚಿಕ್ಕಪ್ಪನ ಆಸ್ಪತ್ರೆಗೆ ಜನ ನುಗ್ಗಿ ಅಲ್ಲಿದ್ದುದನ್ನೆಲ್ಲ ಪುಡಿಮಾಡಿದರು. ಪೋಲೀಸರು ಬಂದರು, ದಸ್ತಗಿರಿಯನ್ನೂ ಮಾಡಿದರು. ಆದರೆ ಮೊದಲು ಹಿಡಿದುದು ಆಸ್ಪತ್ರೆ ಒಡೆದವರನ್ನಲ್ಲ, ಈ ಇಬ್ಬರು ಹೆಣ್ಣುಮಕ್ಕಳನ್ನು! ಬರೆದವಳದೊಂದು ಅಪರಾಧವಾದರೆ, ಮೆಚ್ಚಿದವಳದು ಇನ್ನೊಂದು. ಇಬ್ಬರೂ ಇಪ್ಪತ್ತರ ಆಸುಪಾಸಿನವರು. ನ್ಯಾಯಾಲಯದಲ್ಲಿ ಜಾಮೀನು ಕೊಟ್ಟು ಮನೆಗೆ ಹಿಂದಿರುಗಬೇಕಾಯಿತು.

ಅವರ ಮೇಲೆ ಹೊರಿಸಿದ ಆಪಾದನೆಗಳಲ್ಲಿ ಮುಖ್ಯವಾದುದು, ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಎ ಕಲಮು. ದೇಶದ ಬಹುಮಂದಿ ಆ ಕಲಮಿನ ಹೆಸರನ್ನು ಕೇಳಿದುದು ಅಂದೇ ಮೊದಲು.

ಬೇಸರವೂ ಅಪರಾಧವೇ?

ಈ ಕಲಮು ಹುಟ್ಟಿದ್ದು 2008ರ ಡಿಸೆಂಬರಿನಲ್ಲಿ. ಮುಂಬಯಿಯ ಮೇಲೆ ಭಯೋತ್ಪಾದಕರು ನಡೆಸಿದ ದಾಳಿಯ ಗಾಯ ಇನ್ನೂ ಹಸಿಯಾಗಿತ್ತು. ಪಾರ್ಲಿಮೆಂಟಿನಲ್ಲಿ ತಿದ್ದುಪಡಿ ಮಸೂದೆ ಚರ್ಚೆಯಿಲ್ಲದೆಯೇ ಮಂಜೂರಾಯಿತು. 2009ರ ಅಕ್ಟೋಬರ್ 27ರಂದು ಕಾಯಿದೆ ಜಾರಿಗೆ ಬಂತು.

ಕಂಪ್ಯೂಟರಿನ ಮೂಲಕವಾಗಲಿ ಫೋನಿನ ಮೂಲಕವಾಗಲಿ ತೀರ ನೋವುಂಟುಮಾಡುವ ಅಥವಾ ಬೆದರಿಕೆಯ ಸ್ವರೂಪದ ಮಾತನ್ನು ಕಳುಹಿಸಿದವನಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಮೇಲೆ ಜುಲ್ಮಾನೆ. ಸುಳ್ಳೆಂದು ತಿಳಿದೂ ಬೇಸರ, ಅನಾನುಕೂಲ, ಅಪಮಾನ, ದ್ವೇಷ ಮುಂತಾದವನ್ನುಂಟುಮಾಡಲು ಸುದ್ದಿ ಕಳುಹಿಸಿದವನಿಗೂ ಅದೇ ಶಿಕ್ಷೆ. ಬೇಸರ ಪಡಿಸುವುದಕ್ಕೆಂದೇ ಮಿಂಚಂಚೆ ಕಳುಹಿಸಿದವನಿಗೂ ಅದೇ.

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನಿದೆ ಎನಿಸಬಹುದು. ಯಾರಿಗೂ ನೋವಾಗದಂತೆ ಮಾತನಾಡಬೇಕೆಂಬುದು ಮನೆಮನೆಯ ಹಿರಿಯರೂ ಹೇಳುವ ಮಾತೇ. ಆದರೆ ಹಿರಿಯರ ಬುದ್ಧಿಮಾತು ಬೇರೆ, ಸೆರೆಮನೆಯ ಬೀಗ ಬೇರೆ. ಬೇಸರವೆಂದರೇನು? ಅದನ್ನು ಅಳೆಯುವ ಸೇರು ಯಾವುದು? ಒಬ್ಬನಿಗೆ ನಗೆ ತರಿಸುವ ವ್ಯಂಗ್ಯಚಿತ್ರ ಇನ್ನೊಬ್ಬನಿಗೆ ರೋಷ ತರಿಸುತ್ತದೆ. ಕಾಯಿದೆಯ ಪುಸ್ತಕದಲ್ಲಿ ಈ ಪದಗಳಿಗೆ ಅರ್ಥವನ್ನು ಎಲ್ಲಿಯೂ ಹೇಳಿರಲಿಲ್ಲ. ಅರ್ಥ ಹೇಳುವ ಅಧಿಕಾರ ಠಾಣೆಯಲ್ಲಿ ದೂರು ಬರೆದುಕೊಳ್ಳುವ ಅಧಿಕಾರಿಯದಾಯಿತು.

ಪಾಲ್ಘರಿನ ಪ್ರಸಂಗಕ್ಕೆ ಏಳು ತಿಂಗಳ ಮುಂಚೆ, 2012ರ ಏಪ್ರಿಲಿನಲ್ಲಿ, ಕಲ್ಕತ್ತೆಯಲ್ಲಿ ಇಂಥದೇ ಒಂದು ಸಂಗತಿ ನಡೆದಿತ್ತು. ಜಾದವಪುರ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಂಬಿಕೇಶ ಮಹಾಪಾತ್ರ ಅವರ ಕೈಗೆ ಒಂದು ವ್ಯಂಗ್ಯಚಿತ್ರ ಬಂತು. ಸತ್ಯಜಿತ್ ರಾಯ್ ಅವರ 'ಸೋನಾರ್ ಕೆಲ್ಲಾ' ಚಲಚ್ಚಿತ್ರದ ಸಂಭಾಷಣೆಯನ್ನು ಬಳಸಿಕೊಂಡು ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರನ್ನು ಹಾಸ್ಯಮಾಡಿದ್ದ ಚಿತ್ರವದು. ಪ್ರಾಧ್ಯಾಪಕರು ಅದನ್ನು ರಚಿಸಿದವರಲ್ಲ. ತಮ್ಮ ವಸತಿ ಸಂಘದ ನೆರೆಹೊರೆಯವರಿಗೆ ಮಿಂಚಂಚೆಯಲ್ಲಿ ಕಳುಹಿಸಿದರು, ಅಷ್ಟೆ. ಆ ಒಂದು ನಗೆಗಾಗಿ ಅವರು ರಾತ್ರಿಯನ್ನು ಠಾಣೆಯಲ್ಲಿ ಕಳೆಯಬೇಕಾಯಿತು. ಅವರ ಕಥೆ ಅಲ್ಲಿಗೇ ಮುಗಿಯಲಿಲ್ಲ; ಅದನ್ನು ಮುಂದೆ ನೋಡಬಹುದು.

ವಿದ್ಯಾರ್ಥಿನಿಯ ಅರ್ಜಿ

ಪಾಲ್ಘರಿನ ಸುದ್ದಿಯನ್ನು ದೆಹಲಿಯಲ್ಲಿ ಓದಿದವರಲ್ಲಿ ಶ್ರೇಯಾ ಸಿಂಘಾಲ್ ಎಂಬ 21 ವರ್ಷದ ತರುಣಿಯೂ ಒಬ್ಬಳು. ಇಂಗ್ಲೆಂಡಿನಲ್ಲಿ ಖಭೌತವಿಜ್ಞಾನವನ್ನು ಓದಿ ಮರಳಿದ್ದ ಆಕೆ ಕಾನೂನು ಶಿಕ್ಷಣಕ್ಕೆ ಸೇರುವ ಯೋಚನೆಯಲ್ಲಿದ್ದಳು. ತಾಯಿ ಸುಪ್ರೀಂ ಕೋರ್ಟಿನಲ್ಲಿ ವಕೀಲೆ. ಹೀಗಾದರೆ ನಾಳೆ ಯಾರನ್ನಾದರೂ ಹಿಡಿಯಬಹುದಲ್ಲ ಎಂಬ ಮಾತು ಮನೆಯಲ್ಲಿ ಬಂದಾಗ, ಅಷ್ಟು ಬೇಸರವಿದ್ದರೆ ನ್ಯಾಯಾಲಯಕ್ಕೇ ಹೋಗಬಾರದೇಕೆ ಎಂಬ ಪ್ರಶ್ನೆ ಹುಟ್ಟಿತು. ನವೆಂಬರ್ ತಿಂಗಳು ಮುಗಿಯುವ ಮೊದಲೇ ಆಕೆಯ ಅರ್ಜಿ ದೇಶದ ಅತ್ಯುಚ್ಚ ನ್ಯಾಯಾಲಯದ ಮುಂದಿತ್ತು. ಈ ಕಲಮನ್ನು ಇಷ್ಟು ದಿನ ಯಾರೂ ಏಕೆ ಪ್ರಶ್ನಿಸಲಿಲ್ಲವೆಂದು ಮುಖ್ಯ ನ್ಯಾಯಾಧೀಶರೇ ಅಚ್ಚರಿಪಟ್ಟರು. ಬೇರೆ ಬೇರೆ ಅರ್ಜಿಗಳೂ ಅದರೊಡನೆ ಕೂಡಿಕೊಂಡವು.

ಸರ್ಕಾರದ ಪಕ್ಷದಲ್ಲಿಯೂ ಮಾತಿಲ್ಲದೆ ಇರಲಿಲ್ಲ. ಅಂತರಜಾಲದ ಮಾತು ಕ್ಷಣಾರ್ಧದಲ್ಲಿ ಲೋಕವನ್ನೆಲ್ಲ ಸುತ್ತುತ್ತದೆ. ಅದನ್ನು ಹಳೆಯ ಅಳತೆಯಿಂದ ಅಳೆಯಲಾಗದು ಎಂಬುದು ಅದರ ವಾದ. ಈ ಭಯ ಹುಸಿಯಲ್ಲವೆಂಬುದನ್ನು ಬೆಂಗಳೂರಿನವರು ಕಣ್ಣಾರೆ ಕಂಡಿದ್ದರು. ಅದೇ 2012ರ ಆಗಸ್ಟ್ ತಿಂಗಳಿನಲ್ಲಿ, ಈಶಾನ್ಯ ರಾಜ್ಯಗಳ ಜನರ ಮೇಲೆ ಹಲ್ಲೆಯಾಗಲಿದೆಯೆಂಬ ಗಾಳಿಸುದ್ದಿ ಫೋನಿನಿಂದ ಫೋನಿಗೆ ಹಾರಿತು. ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ, ಕಾವಲು ಕೆಲಸದಲ್ಲಿ ದುಡಿಯುತ್ತಿದ್ದ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ರೈಲ್ವೆ ನಿಲ್ದಾಣಕ್ಕೆ ಧಾವಿಸಿದರು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಬ್ಬರು ಒಮ್ಮೆಗೆ ಐದು ಮಂದಿಗಿಂತ ಹೆಚ್ಚಿನವರಿಗೆ ಕಿರುಸಂದೇಶ ಕಳುಹಿಸಬಾರದೆಂದು ಕೇಂದ್ರ ಸರ್ಕಾರ ಹದಿನೈದು ದಿನಗಳ ನಿರ್ಬಂಧ ಹೇರಿತು. ನೂರಾರು ಅಂತರಜಾಲ ಪುಟಗಳನ್ನು ಮುಚ್ಚಿಸಿತು. ಬೆಂಕಿ ಹಚ್ಚುವ ಮಾತೂ ಉಂಟು ಎಂಬುದನ್ನು ಅಲ್ಲಗಳೆಯುವವರಾರು?

ಆದರೆ ಪ್ರಶ್ನೆಯಿದ್ದುದು ಅಲ್ಲಿಯೇ. ಜನರನ್ನು ಊರುಬಿಟ್ಟು ಓಡಿಸಿದ ಸುಳ್ಳಿಗೂ, ಬಂದ್ ಏಕೆಂದು ಕೇಳಿದ ಹುಡುಗಿಯ ಮಾತಿಗೂ ಒಂದೇ ಬಲೆ ಬೀಸಬಹುದೆ?

ಟೆಲಿಫೋನ್ ಮನೆಯಲ್ಲಿ ಹುಟ್ಟಿದ ಪದಗಳು

ಈ ಕಲಮಿನ ವಂಶಾವಳಿಯನ್ನು ಹುಡುಕಿಕೊಂಡು ಹೊರಟರೆ ಒಂದು ಸೋಜಿಗ ಎದುರಾಗುತ್ತದೆ. ಅದರ ಮುಖ್ಯ ಪದಗಳು ಹುಟ್ಟಿದ್ದು ಕಂಪ್ಯೂಟರಿನ ಕಾಲದಲ್ಲಿ ಅಲ್ಲವೇ ಅಲ್ಲ, 1935ರ ಇಂಗ್ಲೆಂಡಿನಲ್ಲಿ. ಆಗ ಅಲ್ಲಿ ಟೆಲಿಫೋನು ಅಂಚೆ ಇಲಾಖೆಯ ಆಡಳಿತಕ್ಕೆ ಸೇರಿತ್ತು. ಎಕ್ಸ್‌ಚೇಂಜಿನಲ್ಲಿ ಕುಳಿತು ಕರೆಗಳನ್ನು ಜೋಡಿಸುತ್ತಿದ್ದ ಹೆಂಗಸರಿಗೆ ಕೆಲವು ಪುಂಡರು ಅಸಭ್ಯ ಮಾತುಗಳನ್ನಾಡಿ ಕಾಟಕೊಡುತ್ತಿದ್ದರು. ಅವರ ರಕ್ಷಣೆಗೆಂದು ತಂದ ಕಾಯಿದೆಯಲ್ಲಿ 'ತೀರ ನೋವುಂಟುಮಾಡುವ', 'ಬೆದರಿಕೆಯ ಸ್ವರೂಪದ' ಎಂಬ ಪದಗಳು ಕಾಣಿಸಿಕೊಂಡವು. ಅವೇ ಪದಗಳು ಒಂದು ಕಾಯಿದೆಯಿಂದ ಮತ್ತೊಂದಕ್ಕೆ ದಾಟಿ, ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ತರುವಾಯ ಸಮುದ್ರ ದಾಟಿ ಭಾರತದ ಕಾಯಿದೆಯಲ್ಲಿ ಬಂದು ಕುಳಿತವು. ಒಬ್ಬ ಹೆಂಗಸಿನ ಕಿವಿಗೆ ನೇರವಾಗಿ ಬೀಳುವ ಹೊಲಸು ಮಾತನ್ನು ತಡೆಯಲು ಹೊಲಿದ ಅಂಗಿಯನ್ನು ಊರಮುಂದಿನ ಕಟ್ಟೆಯ ಮೇಲಿನ ಚರ್ಚೆಗೆ ತೊಡಿಸಿದಂತಾಯಿತು!

ಇಂಗ್ಲೆಂಡಿನಲ್ಲಿಯೂ ಈ ಪದಗಳು ನ್ಯಾಯಾಧೀಶರನ್ನು ಕಾಡದೆ ಬಿಟ್ಟಿರಲಿಲ್ಲ. ಪಾರ್ಲಿಮೆಂಟ್ ಸದಸ್ಯರೊಬ್ಬರ ಕಚೇರಿಗೆ ಫೋನು ಮಾಡಿ ಜನಾಂಗ ನಿಂದನೆಯ ಮಾತುಗಳನ್ನಾಡುತ್ತಿದ್ದ ಒಬ್ಬನನ್ನು ಕೆಳಗಿನ ಎರಡು ನ್ಯಾಯಾಲಯಗಳು ನಿರ್ದೋಷಿ ಎಂದವು. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ದೋಷಿ ಎಂದಿತು. ಹಿಮ ಬಿದ್ದು ವಿಮಾನ ನಿಲ್ದಾಣ ಮುಚ್ಚಿದಾಗ, ಪ್ರೇಯಸಿಯನ್ನು ಕಾಣಲು ಹೊರಟಿದ್ದ ತರುಣನೊಬ್ಬ ರೇಗಿ, ನಿಲ್ದಾಣವನ್ನೇ ಸ್ಫೋಟಿಸಿಬಿಡುತ್ತೇನೆಂದು ಟ್ವಿಟರಿನಲ್ಲಿ ಹಾಸ್ಯವಾಗಿ ಬರೆದ. ಅವನನ್ನು ಕೆಳಗಿನ ನ್ಯಾಯಾಲಯಗಳು ದೋಷಿ ಎಂದವು. 2012ರಲ್ಲಿ ಮೇಲಿನ ನ್ಯಾಯಾಲಯ ಬಿಡುಗಡೆ ಮಾಡಿತು. ನ್ಯಾಯಶಾಸ್ತ್ರದಲ್ಲಿ ತಲೆ ನರೆತವರಿಗೇ ಒಂದು ಪದದ ಅರ್ಥ ಹೀಗೆ ಒಮ್ಮೆ ಪೂರ್ವವಾಗಿ, ಒಮ್ಮೆ ಪಶ್ಚಿಮವಾಗಿ ಕಂಡರೆ, ಸಾಮಾನ್ಯ ಪ್ರಜೆ ತನ್ನ ಮಾತು ಗೆರೆ ದಾಟಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ದೆಹಲಿಯ ನ್ಯಾಯಾಲಯದಲ್ಲಿ ಈ ಎರಡು ಖಟ್ಲೆಗಳೂ ಉದಾಹರಣೆಯಾಗಿ ನಿಂತವು.

ಮೂರು ಮೆಟ್ಟಿಲು

ಸಂವಿಧಾನದ 19ನೆಯ ಅನುಚ್ಛೇದ ಪ್ರಜೆಗಳಿಗೆ ವಾಕ್ ಸ್ವಾತಂತ್ರ್ಯವನ್ನು ಕೊಟ್ಟಿದೆ. ಅದರ ಎರಡನೆಯ ಉಪವಾಕ್ಯ ಆ ಸ್ವಾತಂತ್ರ್ಯಕ್ಕೆ ಬೇಲಿಯನ್ನೂ ಹಾಕಿದೆ. ಈ ಬೇಲಿ ಎಲ್ಲಿರಬೇಕೆಂಬ ಜಗಳ ಗಣರಾಜ್ಯದಷ್ಟೇ ಹಳೆಯದು. 1950ರಲ್ಲಿ, ರೊಮೇಶ್ ಥಾಪರ್ ಅವರ 'ಕ್ರಾಸ್ ರೋಡ್ಸ್' ಪತ್ರಿಕೆ ತನ್ನ ಪ್ರಾಂತದೊಳಗೆ ಬರಕೂಡದೆಂದು ಮದರಾಸು ಸರ್ಕಾರ ನಿಷೇಧಿಸಿದಾಗ ಸುಪ್ರೀಂ ಕೋರ್ಟು ಆ ನಿಷೇಧವನ್ನು ತಳ್ಳಿಹಾಕಿತು. ಮರುವರ್ಷವೇ ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿ ಬಂತು. ಸಾರ್ವಜನಿಕ ಶಾಂತಿ, ಅಪರಾಧಕ್ಕೆ ಪ್ರಚೋದನೆ ಮುಂತಾದ ಹೊಸ ಕಾರಣಗಳು ಬೇಲಿಗೆ ಸೇರಿದವು. ಜೊತೆಗೆ ನಿರ್ಬಂಧವು ಯುಕ್ತವಾಗಿರಬೇಕೆಂಬ ಒಂದು ಪದವೂ ಸೇರಿತು. ಅರವತ್ತು ವರ್ಷಗಳ ಮೇಲೆ ಅರ್ಜಿದಾರರ ಕೈಗೆ ಆಯುಧವಾಗಿ ಬಂದುದು ಆ ಪದವೇ.

2015ರ ಮಾರ್ಚ್ 24ರಂದು ನ್ಯಾಯಮೂರ್ತಿ ಚಲಮೇಶ್ವರ್ ಮತ್ತು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರ ಪೀಠ ತೀರ್ಪು ನೀಡಿತು. ತೀರ್ಪನ್ನು ಬರೆದವರು ನಾರಿಮನ್. ಮಾತಿಗೆ ಮೂರು ಮೆಟ್ಟಿಲುಗಳುಂಟೆಂದು ಅವರು ವಿಂಗಡಿಸಿದರು. ವಿಷಯವನ್ನು ಚರ್ಚಿಸುವುದು ಮೊದಲನೆಯದು; ತನ್ನ ಪಕ್ಷವನ್ನು ಸಮರ್ಥಿಸಿ ವಾದಿಸುವುದು ಎರಡನೆಯದು; ಕೇಡಿಗೆ ಪ್ರಚೋದಿಸುವುದು ಮೂರನೆಯದು. ಮೊದಲ ಎರಡು ಮೆಟ್ಟಿಲುಗಳಲ್ಲಿ ಮಾತು ಎಷ್ಟೇ ಅಪ್ರಿಯವಾಗಿದ್ದರೂ ಕಾನೂನು ಕೈಯಿಡಕೂಡದು. ಮೂರನೆಯದನ್ನು ಮುಟ್ಟಿದಾಗಲೇ ಅದರ ಕೆಲಸ. 66-ಎ ಈ ಮೆಟ್ಟಿಲುಗಳ ಭೇದವನ್ನೇ ಅರಿಯದೆ ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬಿತ್ತು. ಆದುದರಿಂದ ಅದು ಸಂವಿಧಾನಕ್ಕೆ ವಿರುದ್ಧ, ಪೂರ್ಣವಾಗಿ ಅಸಿಂಧು.

ಕಾಯಿದೆಯನ್ನು ವಿವೇಕದಿಂದ ನಡೆಸುತ್ತೇವೆಂದು ಸರ್ಕಾರದ ವಕೀಲರು ಭರವಸೆ ಕೊಟ್ಟಿದ್ದರು. ಅದಕ್ಕೆ ತೀರ್ಪಿನಲ್ಲಿ ಬಂದ ಉತ್ತರ ಸ್ಮರಣೀಯವಾದುದು: ಸರ್ಕಾರಗಳು ಬರುತ್ತವೆ ಹೋಗುತ್ತವೆ, ಕಾಯಿದೆ ಉಳಿಯುತ್ತದೆ, ಇಂದಿನವರ ಮಾತು ನಾಳಿನವರನ್ನು ಕಟ್ಟಿಹಾಕದು.

ಹಾಗೆಂದು ನ್ಯಾಯಾಲಯ ಬೇಲಿಯನ್ನೆಲ್ಲ ಕಿತ್ತೊಗೆಯಲಿಲ್ಲ. ಅಂತರಜಾಲದ ಮಾತಿಗೆ ಪ್ರತ್ಯೇಕ ಕಾಯಿದೆ ಮಾಡಲು ಪಾರ್ಲಿಮೆಂಟಿಗೆ ಅಧಿಕಾರವುಂಟೆಂದು ಒಪ್ಪಿತು. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗಾಗಿ ಅಂತರಜಾಲ ಪುಟಗಳನ್ನು ಮುಚ್ಚಿಸುವ 69-ಎ ಕಲಮನ್ನು ಎತ್ತಿಹಿಡಿಯಿತು. ಏಕೆಂದರೆ ಅಲ್ಲಿ ಕಾರಣವನ್ನು ಬರೆದಿಡಬೇಕು, ಸಮಿತಿ ಪರಿಶೀಲಿಸಬೇಕು. ಇನ್ನೊಂದು, 79ನೆಯ ಕಲಮು. ಬಳಕೆದಾರರು ಬರೆದುದಕ್ಕೆ ಫೇಸ್‌ಬುಕ್‌ನಂತಹ ಕಂಪನಿಗಳು ಯಾವಾಗ ಹೊಣೆ ಎಂಬುದು ಅದರ ವಿಷಯ. ಯಾರೋ ದೂರಿದರೆಂದು ಕಂಪನಿ ಬರಹವನ್ನು ತೆಗೆಯಬೇಕಾಗಿಲ್ಲ. ನ್ಯಾಯಾಲಯದ ಆಜ್ಞೆಯೋ ಸರ್ಕಾರದ ಅಧಿಕೃತ ಸೂಚನೆಯೋ ಬಂದ ಮೇಲೆ, ಅದೂ ಸಂವಿಧಾನ ಹೇಳಿದ ಕಾರಣಗಳಿಗಾಗಿ ಮಾತ್ರ, ತೆಗೆದರೆ ಸಾಕೆಂದು ಅದನ್ನು ಅರ್ಥೈಸಿತು.

ಅಡಿಟಿಪ್ಪಣಿಯ ಮಹಿಮೆ

ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಸತ್ತವರು ಎದ್ದು ಬರುವುದು ಬೇತಾಳನ ಕಥೆಗಳಲ್ಲಿ ಮಾತ್ರ ಎಂಬ ನಂಬಿಕೆಯನ್ನು ಈ ಕಲಮು ಸುಳ್ಳುಮಾಡಿತು. ತೀರ್ಪು ಬಂದು ವರ್ಷಗಳು ಉರುಳಿದರೂ ಊರೂರ ಠಾಣೆಗಳಲ್ಲಿ 66-ಎ ಹೆಸರಿನಲ್ಲಿ ದೂರುಗಳು ದಾಖಲಾಗುತ್ತಲೇ ಇದ್ದವು. 2019ರ ಫೆಬ್ರುವರಿಯಲ್ಲಿ, ತೀರ್ಪಿನ ಪ್ರತಿಯನ್ನು ಹೈಕೋರ್ಟುಗಳಿಗೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೂ ಕಳುಹಿಸಿಕೊಡಬೇಕೆಂದು ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಆದರೂ ನಿಲ್ಲಲಿಲ್ಲ.

2021ರ ಜುಲೈನಲ್ಲಿ ಈ ವಿಷಯ ಮತ್ತೆ ಪೀಠದ ಮುಂದೆ ಬಂದಾಗ, ಅಲ್ಲಿ ಕುಳಿತಿದ್ದವರು ಅದೇ ನ್ಯಾಯಮೂರ್ತಿ ನಾರಿಮನ್! ಆರು ವರ್ಷಗಳ ಹಿಂದೆ ತಾವೇ ಅಸಿಂಧುವೆಂದ ಕಲಮಿನಡಿ ಜನರನ್ನು ಇನ್ನೂ ಹಿಡಿಯುತ್ತಿದ್ದಾರೆಂದು ಕೇಳಿ ಅವರು ದಿಗ್ಭ್ರಮೆಗೊಂಡರು. ಅಟಾರ್ನಿ ಜನರಲ್ ಕೆ. ಕೆ. ವೇಣುಗೋಪಾಲ್ ಅವರು ಕೊಟ್ಟ ವಿವರಣೆ ನಗಬೇಕೋ ಅಳಬೇಕೋ ತಿಳಿಯದಂತಹುದು. ಕಾಯಿದೆಯ ಪುಸ್ತಕದಲ್ಲಿ 66-ಎ ಮೊದಲಿನಂತೆಯೇ ಅಚ್ಚಾಗುತ್ತಿದೆ. ಅದು ರದ್ದಾಗಿದೆಯೆಂಬ ಸಂಗತಿ ಪುಟದ ಕೆಳಗೆ ಅಡಿಟಿಪ್ಪಣಿಯಲ್ಲಿದೆ. ಪೋಲೀಸ್ ಅಧಿಕಾರಿ ಕಲಮನ್ನು ನೋಡುತ್ತಾನೆ, ಅಡಿಟಿಪ್ಪಣಿಯನ್ನು ನೋಡುವುದಿಲ್ಲ!

ಕಡೆಗೆ 2022ರ ಅಕ್ಟೋಬರ್ 12ರಂದು, ಈ ಕಲಮಿನಡಿ ಯಾವ ಪ್ರಜೆಯ ಮೇಲೂ ಮೊಕದ್ದಮೆ ನಡೆಸಕೂಡದು, ಬಾಕಿಯಿರುವ ಮೊಕದ್ದಮೆಗಳಿಂದ ಅದನ್ನು ಕೈಬಿಡಬೇಕು, ಪುಸ್ತಕಗಳಲ್ಲಿ ಅಚ್ಚಾಗುವಾಗ ಅದು ಅಸಿಂಧುವೆಂಬುದು ಓದುವವರ ಕಣ್ಣಿಗೆ ಬೀಳುವಂತಿರಬೇಕು ಎಂದು ಸುಪ್ರೀಂ ಕೋರ್ಟು ಕಟ್ಟಪ್ಪಣೆ ಮಾಡಿತು.

ಆಗ ಇನ್ನೂ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದವರಲ್ಲಿ ಕಲ್ಕತ್ತೆಯ ಆ ಪ್ರಾಧ್ಯಾಪಕರೂ ಒಬ್ಬರು. ಪಾಲ್ಘರಿನ ಹುಡುಗಿಯರ ಮೇಲಿನ ಮೊಕದ್ದಮೆಯನ್ನು ಕೆಲವೇ ತಿಂಗಳುಗಳಲ್ಲಿ ಕೈಬಿಡಲಾಗಿತ್ತು. ಅವರನ್ನು ಹಿಡಿದ ಪ್ರಕರಣದಲ್ಲಿ ಇಬ್ಬರು ಪೋಲೀಸ್ ಅಧಿಕಾರಿಗಳು ಅಮಾನತಾಗಿದ್ದರು. ಪ್ರಾಧ್ಯಾಪಕರಿಗೆ ಆ ಭಾಗ್ಯವಿರಲಿಲ್ಲ. ಒಂದು ವ್ಯಂಗ್ಯಚಿತ್ರವನ್ನು ನೆರೆಯವರಿಗೆ ಕಳುಹಿಸಿದ ಆಪಾದನೆಯಿಂದ ಅವರು ಮುಕ್ತರಾದುದು 2023ರ ಜನವರಿಯಲ್ಲಿ. ಹತ್ತು ವರ್ಷ, ಒಂಬತ್ತು ತಿಂಗಳು! ಕಾಯಿದೆಯಲ್ಲಿ ಹೇಳಿದ್ದ ಗರಿಷ್ಠ ಶಿಕ್ಷೆ ಮೂರೇ ವರ್ಷ.

ಬೆಂಗಳೂರಿನ ನ್ಯಾಯಪೀಠದೆದುರು

ಈಚಿನ ವರ್ಷಗಳಲ್ಲಿ ವಿವಾದದ ರಂಗಸ್ಥಳ ಬೆಂಗಳೂರಿಗೆ ಬಂದಿದೆ. ಈಗಿನ ಪ್ರಶ್ನೆ ಬರೆದವರನ್ನು ಹಿಡಿಯುವುದರದಲ್ಲ; ಬರೆದುದನ್ನು ಮಾಯಮಾಡುವುದರದು. 69-ಎ ಕಲಮಿನಡಿ ಖಾತೆಗಳನ್ನೂ ಬರಹಗಳನ್ನೂ ಮುಚ್ಚಬೇಕೆಂದು ಕೇಂದ್ರ ಸರ್ಕಾರ ಕೊಟ್ಟ ಆಜ್ಞೆಗಳನ್ನು ಟ್ವಿಟರ್ ಕಂಪನಿ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರು ಅರ್ಜಿಯನ್ನು ವಜಾಮಾಡಿ, ಆಜ್ಞೆಗಳನ್ನು ಪಾಲಿಸಲು ತಡಮಾಡಿದುದಕ್ಕಾಗಿ ಕಂಪನಿಗೆ 50 ಲಕ್ಷ ರೂಪಾಯಿ ವೆಚ್ಚ ವಿಧಿಸಿದರು. ಕಂಪನಿ ಮೇಲ್ಮನವಿ ಸಲ್ಲಿಸಿತು.

ಎರಡನೆಯ ಸಲ ವಿವಾದಕ್ಕೆ ಕಾರಣವಾದುದು 'ಸಹಯೋಗ'. ಕೇಂದ್ರದ ಗೃಹ ಇಲಾಖೆ 2024ರಲ್ಲಿ ಆರಂಭಿಸಿದ ಈ ಅಂತರಜಾಲ ವ್ಯವಸ್ಥೆಯ ಮೂಲಕ, ಅಧಿಕಾರ ಪಡೆದ ಇಲಾಖೆಗಳೂ ರಾಜ್ಯಗಳ ಪೋಲೀಸರೂ ಬರಹ ತೆಗೆಯುವಂತೆ ಕಂಪನಿಗಳಿಗೆ ನೇರವಾಗಿ ಸೂಚನೆ ಕಳುಹಿಸಬಹುದು. ಎಕ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಅದೇ ಕಂಪನಿ, 2015ರ ತೀರ್ಪನ್ನು ಮುಂದಿಟ್ಟು, 69-ಎ ಕಲಮಿನ ರಕ್ಷಣೆಗಳನ್ನು ತಪ್ಪಿಸಿ ಹಿಂದಿನ ಬಾಗಿಲಿನಿಂದ ಬರುವ ವಿಧಾನವಿದು ಎಂದು ವಾದಿಸಿತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ವಾದವನ್ನು ಒಪ್ಪಲಿಲ್ಲ. ಅಂದಿನ ತೀರ್ಪು 2011ರ ನಿಯಮಗಳನ್ನು ಕುರಿತದ್ದು, 2021ರ ನಿಯಮಗಳಿಗೆ ಅದನ್ನು ಹಾಗೆಯೇ ಹಚ್ಚಲಾಗದು. 19ನೆಯ ಅನುಚ್ಛೇದದ ಹಕ್ಕು ಪ್ರಜೆಗಳದಲ್ಲದೆ ವಿದೇಶಿ ಕಂಪನಿಯದಲ್ಲ ಎಂದರು. ತರುವಾಯ ಸರ್ಕಾರವೇ ನಿಯಮ ತಿದ್ದಿ, ಇಂಥ ಸೂಚನೆ ಕೊಡುವ ಅಧಿಕಾರವನ್ನು ಹಿರಿಯ ಅಧಿಕಾರಿಗಳಿಗಷ್ಟೇ ಸೀಮಿತಗೊಳಿಸಿತು. ಆ ತಿದ್ದುಪಡಿ 2025ರ ನವೆಂಬರ್ 15ರಂದು ಜಾರಿಗೆ ಬಂತು.

ಕಂಪನಿ ಪ್ರಜೆಯಲ್ಲ, ನಿಜ. ಆದರೆ ಅದರ ಪುಟದಲ್ಲಿ ಬರೆಯುವವರು ಪ್ರಜೆಗಳು. ಬರಹ ಮಾಯವಾದಾಗ ಏಕೆ ಮಾಯವಾಯಿತೆಂದು ಬರೆದವನಿಗೆ ತಿಳಿಯದಿದ್ದರೆ, ಅವನು ಯಾವ ನ್ಯಾಯಾಲಯದ ಬಾಗಿಲು ತಟ್ಟಬೇಕು? ಪಾಲ್ಘರಿನ ಹುಡುಗಿಗೆ ತನ್ನ ಮೇಲಿನ ಆಪಾದನೆ ಯಾವುದೆಂಬುದಾದರೂ ಗೊತ್ತಿತ್ತು. ಆದುದರಿಂದಲೇ ಎಲ್ಲಿಯೋ ಇದ್ದ ಇನ್ನೊಬ್ಬ ಹುಡುಗಿ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು.

ಇಂದು ಮನೆಯ ಅಜ್ಜಿಯಿಂದ ಹಿಡಿದು ಹೈಸ್ಕೂಲಿನ ಹುಡುಗನವರೆಗೆ ಎಲ್ಲರ ಕೈಯಲ್ಲಿಯೂ ಫೋನಿದೆ. ಬಂದ ಚಿತ್ರವನ್ನು ಮುಂದಕ್ಕೆ ಕಳುಹಿಸುವುದು ಕಾಫಿ ಕುಡಿದಷ್ಟೇ ಸಹಜವಾಗಿದೆ. ಕಳುಹಿಸುವ ಮುನ್ನ, ಇದು ಬೆಂಗಳೂರಿನ ಆ ಆಗಸ್ಟ್ ತಿಂಗಳಿನ ಸುಳ್ಳಿನಂಥದೇ ಎಂದು ಒಂದು ಗಳಿಗೆ ಯೋಚಿಸುವುದು ಪ್ರತಿಯೊಬ್ಬರ ಕರ್ತವ್ಯ. ಅಂಥದಲ್ಲವೆಂದು ತಿಳಿದ ಮೇಲೆ ಹೆದರದೆ ಕಳುಹಿಸುವುದು ಅವರ ಹಕ್ಕು. ಆ ಹಕ್ಕು ಅಚ್ಚಾಗಬೇಕಾದುದು ಪುಟದ ನಡುವೆ, ಅಡಿಟಿಪ್ಪಣಿಯಲ್ಲಿ ಅಲ್ಲ.